ಊಟಿಯಲ್ಲಿ ಸ್ಕ್ಯಾನ್ ಆದದ್ದು ನನಗೆ

ಎರಡು ಸಾವಿರದ ಇಸವಿಯ ಆಸುಪಾಸಿನಲ್ಲೂ ನಮ್ಮ ಮಸಿನಗುಡಿಯಲ್ಲಿ ಸ್ಕ್ಯಾನ್ ಎಂದರೆ ಬಸುರಿಯರಿಗೆ ಮಾಡುವುದು, ಅಷ್ಟೆ. ಗಂಡಸಿಗೂ, ಅದೂ ಆ ಜಾಗಕ್ಕೆ, ಸ್ಕ್ಯಾನ್ ಇದೆಯೆಂದು ಊಟಿಯ ಡಾಕ್ಟರು ಹೇಳಿದಾಗ ನಾನು ಕುರ್ಚಿಯಿಂದ ಬೀಳುವುದೊಂದು ಬಾಕಿ. ಮದುವೆಯಾಗಿ ಆರು ವರ್ಷವಾಗಿತ್ತು. ನಾವು ಗಂಡ ಹೆಂಡಿರಂತೆ ಒಂದು ದಿನವೂ ಕೂಡಿಲ್ಲ ಎಂಬುದು ನನಗೂ ನನ್ನ ಹೆಂಡತಿಗೂ ಬಿಟ್ಟು ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಸ್ಕ್ಯಾನ್ ಸೆಂಟರಿನಲ್ಲಿ ಬಸುರಿ ಹೆಂಗಸರ ನಡುವೆ ಒಂದೇ ಬೆಂಚಿನಲ್ಲಿ ಇಬ್ಬರೂ ಕೂತೆವು. ನನ್ನನ್ನು ಒಳಗೆ ಕರೆದು, ರಕ್ತ ಹರಿಯಲೆಂದು ನೇರವಾಗಿ ಅಲ್ಲಿಗೇ ಸೂಜಿಮದ್ದು ಚುಚ್ಚಿದರು. ಜೀವ ಬಾಯಿಗೆ ಬಂತು. ತಣ್ಣನೆಯ ಜೆಲ್ ಸವರಿ ಯಂತ್ರ ಒತ್ತಿದರೆ ಪರದೆಯ ಮೇಲೆ ಕೆಂಪು, ನೀಲಿ. ಕಿವಿಗೆ ಬುಸ್ ಬುಸ್ ಎಂಬ ಸದ್ದು. ಅದು ನನ್ನದೇ ರಕ್ತ ಹರಿಯುವ ಸದ್ದಂತೆ! ಹರಿಯುವುದು ಬಹಳ ಕಡಿಮೆ ಇದೆ, ಹಿಂದೆ ಸೊಂಟಕ್ಕೆ ಪೆಟ್ಟೇನಾದರೂ ಬಿದ್ದಿತ್ತೇ ಎಂದು ಡಾಕ್ಟರು ತಮಿಳಿನಲ್ಲಿ ಕೇಳಿದರು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಂಡ ಹಾಗೆ ನನ್ನ ಕೈ ಸೊಂಟಕ್ಕೆ ಹೋಯಿತು. ಮದುವೆಗೆ ಹಿಂದಿನ ವರ್ಷ ಕಲ್ಲಟ್ಟಿ ಇಳಿಜಾರಿನಲ್ಲಿ ಜೀಪು ಮಗುಚಿ ಮೂಳೆ ಮುರಿದಿತ್ತು. ಅಂದಿನಿಂದಲೇ ನನಗೆ ಅನುಮಾನ. ಮದುವೆಯಾದರೆ ಸರಿಹೋಗುತ್ತದೆಂದು ಬಾಯಿ ಮುಚ್ಚಿಕೊಂಡಿದ್ದೆ. ಎಂಥ ಹೇಡಿ ನಾನು!

ಸಂಜೆ ಬಸ್ಸಿಳಿದು ಮನೆಗೆ ಬಂದರೆ ಅವ್ವ ಉಪ್ಪು, ಒಣಮೆಣಸಿನಕಾಯಿ ಹಿಡಿದು ಬಾಗಿಲಲ್ಲೇ ನಿಂತಿದ್ದಾಳೆ. ನಮ್ಮನ್ನು ಆ ಬೆಂಚಿನಲ್ಲಿ ಕಂಡ ಪಕ್ಕದ ಮನೆಯವಳು ಮೊದಲೇ ಬಂದು ಸೊಸೆ ಬಸುರಿಯೆಂದು ಸುದ್ದಿ ಮುಟ್ಟಿಸಿದ್ದಳು. ಆರು ವರ್ಷ ಸೊಸೆಯನ್ನು ಗೊಡ್ಡು ಎಂದು ಹಂಗಿಸಿದ್ದ ಅವ್ವ ಈಗ ಅವಳ ದೃಷ್ಟಿ ತೆಗೆದು, ಕೈ ಹಿಡಿದುಕೊಂಡು ಅತ್ತಳು.

"ಬಾ ಕನವ್ವ. ಇಷ್ಟ್ ದಿನ ಅಂದದ್ದ ಮನ್ಸ್ಗ ಇಟ್ಕಬ್ಯಾಡ."

ಹೆಂಡತಿ ನನ್ನ ಮುಖ ನೋಡಿದಳು.

"ಅವ್ವಾ, ಸ್ಕ್ಯಾನ್ ಮಾಡ್ಸಿದ್ದು ನನ್ಗ," ಎಂದೆ. "ಮಕ್ಳಾಗ್ದೆ ಇರೋದು ನನ್ನಿಂದ. ಜೀಪ್ ಮಗುಚ್ದಾಗಿಂದ್ಲೂ ನನ್ಗ ಗೊತ್ತಿತ್ತು."

ಡಾಕ್ಟರು ಏನಂದರು, ವಾಸಿಯಾಗುತ್ತದೆಯೇ ಎಂದು ಅವ್ವ ಕೇಳುತ್ತಾಳೆ ಎಂದುಕೊಂಡೆ. ಕೇಳಲಿಲ್ಲ. ಸೊಸೆಯ ಕೈಯನ್ನೂ ಬಿಡಲಿಲ್ಲ.

"ಇವ್ಳ ನಾನು ಗೊಡ್ಡು ಅಂತ ಬಯ್ವಾಗೆಲ್ಲ," ಎಂದಳು, "ನೀನು ಅಲ್ಲೇ ಕುಂತು ಉಣ್ತಿದ್ದೆಯಲ್ಲೋ."