ಅತ್ತೆಯ ಫೋನು ಓದುವಂತೆ

ವೀಳ್ಯದೆಲೆ ಚಿವುಟಿ ಚಿವುಟಿ ಅತ್ತೆಯ ಬಲಗೈ ಹೆಬ್ಬೆರಳಿನ ಉಗುರು ಹಸಿರುಗಪ್ಪಾಗಿಬಿಟ್ಟಿತ್ತು. ಎಷ್ಟು ತೊಳೆದರೂ ಆ ಬಣ್ಣ ಹೋಗುತ್ತಿರಲಿಲ್ಲ. ಅದೇ ಬೆರಳಿನಿಂದ ಫೋನಿನ ಗಾಜು ಸವರಿದರೆ, ಬೆರಳ ಕೆಳಗೆ ಏನಿದೆಯೆಂದು ಫೋನು ಓದಿ ಹೇಳುತ್ತಿತ್ತು. ಅವಳು ನನ್ನ ಅಪ್ಪನ ತಂಗಿ. ಮೂರು ವರ್ಷದವಳಿದ್ದಾಗ ಜ್ವರ ಬಂದು ಕಣ್ಣು ಹೋಗಿತ್ತು. ತಮಿಳುನಾಡಿನ ನಮ್ಮೂರು ಮಾರ್ಕಯನ್‌ಕೋಟ್ಟೈಯಲ್ಲಿ ಅರ್ಧ ಎಕರೆ ಎಲೆತೋಟವನ್ನು ಕೈಯಿಂದ ಮುಟ್ಟಿಮುಟ್ಟಿಯೇ ಬೆಳೆಸಿದವಳು.

ತೇನಿಗೆ ಒಂದು ವಾರ ಹೋಗಿ ಆ ಫೋನು ಕಲಿತು ಬಂದಿದ್ದಳು. ಅದರ ಮಾತಿನ ವೇಗ ನಮಗ್ಯಾರಿಗೂ ಹಿಡಿಯುತ್ತಿರಲಿಲ್ಲ. ಬಾಣಲೆಗೆ ಬಿದ್ದ ಸಾಸಿವೆಯ ಹಾಗೆ ಅದು ಸಿಡಿಯುತ್ತಿದ್ದರೆ, ಇವಳು ಎಲೆಕಟ್ಟು ಕಟ್ಟುತ್ತಲೇ ಎಲ್ಲವನ್ನೂ ಕೇಳಿಸಿಕೊಳ್ಳುತ್ತಿದ್ದಳು. ಬಾಯಿ ಬಿಟ್ಟುಕೊಂಡು ನಾನು ನೋಡುತ್ತ ನಿಂತದ್ದು ಎಷ್ಟು ಸಲವೋ! ಕನ್ನಡ ಅಕ್ಷರ ನಾನು ಕಲಿತದ್ದು ತೀರಾ ಈಚೆಗೆ. ನಮ್ಮ ಮನೆಗಳಲ್ಲಿ ಆಡುವುದು ಕನ್ನಡ, ಬರೆಯುವುದು ತಮಿಳು ಅಕ್ಷರದಲ್ಲಿ. ಅದನ್ನು ಫೋನಿನ ತಮಿಳು ದನಿ ಎಡವುತ್ತ ಓದಿದರೆ ಅತ್ತೆಗೆ ನಗು.

"ಪಾಪ, ಒಸ ಸೊಸೆ. ಬಾಸೆ ಕಲೀಲಿ ಬುಡು."

ನಮ್ಮ ಕಾಲುವೆಯ ರೈತರ ವಾಟ್ಸಾಪ್ ಗುಂಪು ನೋಡಿಕೊಳ್ಳುತ್ತಿದ್ದವನು ನಾನು. ಯಾವ ತೋಟಕ್ಕೆ ಯಾವತ್ತು ನೀರು ಎಂಬ ಪಟ್ಟಿ ಟೈಪ್ ಮಾಡಲು ಸೋಮಾರಿತನ. ಕಾಗದದಲ್ಲಿ ಬರೆದು ಫೋಟೋ ಹಾಕುತ್ತಿದ್ದೆ. ಅತ್ತೆಯ ಸರದಿ ಸದಾ ವಾರದ ಅದೇ ದಿನ ಬರುತ್ತಿದ್ದರಿಂದ ತೊಂದರೆಯಾಗಿರಲಿಲ್ಲ. ಒಂದು ಬೇಸಿಗೆಯಲ್ಲಿ ಅದು ಎರಡು ದಿನ ಮೊದಲೇ ಬಂತು. ಪಟ್ಟಿಯ ಫೋಟೋ ಹಾಕಿ ಕೈತೊಳೆದುಕೊಂಡೆ. ಅವಳ ಪಾಲಿನ ನೀರು ಪಕ್ಕದ ತೋಟಕ್ಕೆ ಹರಿದುಹೋಗಿ, ಬಳ್ಳಿಯ ಒಂದು ಸಾಲೇ ಒಣಗಿತು.

ಬೈಸಿಕೊಳ್ಳಲು ಸಿದ್ಧನಾಗಿ ಹೋದೆ. ಅತ್ತೆ ತನ್ನ ಟವೆಲ್ಲಿನಿಂದ ನನ್ನ ಕಣ್ಣು ಕಟ್ಟಿ, ಫೋನನ್ನು ಕೈಗಿಟ್ಟಳು.

"ನನ್ ನೀರು ಯಾವತ್ತು ಅಂತ ಕೇಳಿ ಯೋಳು, ತಂಬಿ."

ಸವರಿದೆ. "ಪಡಂ" ಎಂದಿತು ಫೋನು. ಚಿತ್ರಕ್ಕೆ ತಮಿಳಿನ ಮಾತು ಅದು. ಮತ್ತೆ ಸವರಿದೆ. ಮತ್ತೆ "ಪಡಂ."

"ನೋಡ್ದ್ಯಾ? ಕಾಗದದಾಗೆ ಏನ್ ಬರ್ದಿದ್ದೀಯೋ ಅದುಕ್ಕೆ ತಿಳೀದು. ಅಕ್ಷರ ಒತ್ತಿ ಆಕು, ಮಿಕ್ಕಿದ್ದು ನಾ ನೋಡ್ಕೊತೀನಿ."

ನಾಚಿಕೆಯಿಂದ ಟವೆಲ್ಲು ಬಿಚ್ಚಲೂ ಮನಸ್ಸಾಗಲಿಲ್ಲ. ಅಂದಿನಿಂದ ಪ್ರತಿ ಪಟ್ಟಿಯನ್ನೂ ಟೈಪ್ ಮಾಡಿದೆ.

ಕಣ್ಣು ಕಾಣದ ನಮ್ಮ ಮಂದಿಯ ಇಬ್ಬರು ಹೆಣ್ಣುಮಕ್ಕಳಿಗೂ ಅತ್ತೆ ಫೋನು ಕಲಿಸಿದಳು. ಒಬ್ಬಳು ಗೂಡಲೂರಿನವಳು, ಇನ್ನೊಬ್ಬಳು ಬತ್ತಲಗುಂಡಿನವಳು. ಅವರ ಬೆರಳಿನ ಮೇಲೆ ತನ್ನ ಬೆರಳಿಟ್ಟು ಗಾಜಿನ ಮೇಲೆ ಆಡಿಸುತ್ತ ಗಂಟೆಗಟ್ಟಲೆ ಕೂರುತ್ತಿದ್ದಳು.

ಹೋದ ವರ್ಷ ಒಂದು ಬೆಳಿಗ್ಗೆ ಎಲೆ ಕೊಯ್ದು ಬಂದು ಕೂತ ಅತ್ತೆ ಮತ್ತೆ ಏಳಲಿಲ್ಲ. ಸ್ವಲ್ಪ ಹೊತ್ತಿಗೇ ನೆಂಟರ ಗುಂಪಿನಲ್ಲಿ ಹೂವಿನ ಅಂಚಿನ ಕಣ್ಣೀರಂಜಲಿ ಪೋಸ್ಟರ್ ಬಂತು. ಅವಳ ಮುಖ, ಹೆಸರು, ಹೆಣ ಎತ್ತುವ ಹೊತ್ತು ಎಲ್ಲವೂ ಅದರಲ್ಲಿತ್ತು. ನೆಂಟರೆಲ್ಲ ಅದನ್ನೇ ಹಂಚಿದರು. ಆದರೆ ಅತ್ತೆ ಫೋನು ಕಲಿಸಿದ್ದ ಆ ಇಬ್ಬರಿಗೆ ಅದು ಬರೀ "ಪಡಂ". ಅಳುತ್ತಲೇ ಕೂತು ಟೈಪ್ ಮಾಡಿದೆ: "ನಮ್ಮತ್ತೆ ಓಗ್ಬುಟ್ಳು. ಐದು ಗಂಟ್ಗೆ ಎತ್ತುತಾರೆ. ಬನ್ನಿ."

ನಾಲ್ಕೂವರೆಗೆಲ್ಲ ಇಬ್ಬರೂ ಬಂದರು. ಗೂಡಲೂರಿನವಳು ತಡಕಾಡಿ ಅತ್ತೆಯ ಕೈ ಹಿಡಿದು, ಆ ಹೆಬ್ಬೆರಳನ್ನು ಕೆನ್ನೆಗೊತ್ತಿಕೊಂಡು ಕೂತಳು. ಆಮೇಲೆ ನನ್ನ ಅಳು ಕೇಳಿಸಿದ ಕಡೆಗೆ ತಿರುಗಿದಳು.

"ನೀ ಬರ್ದ್ಯಲ್ಲಣ್ಣಾ, ಅದುಕ್ಕೇ ಅತ್ತೆ ಕೈ ಸಿಕ್ತು."