ಎಣ್ಣೆಯಕ್ಕನ ಮೂರು ಬಾಟಲಿ

ಆ ಹಡಗಿನಲ್ಲಿ ಅವಳನ್ನು ಹೆಸರು ಹಿಡಿದು ಕರೆದವರಿಲ್ಲ. ಎಲ್ಲರಿಗೂ ಅವಳು ಎಣ್ಣೆಯಕ್ಕ. ಆ ಹೆಸರು ಕೇಳಿ ಕಿಸಕ್ಕೆಂದವರ ಕೈಗೆ ಬಕೆಟ್ಟು, ಬಟ್ಟೆ ಕೊಟ್ಟು ಇಂಜಿನ್ ಕೋಣೆಯ ನೆಲ ಒರೆಸಲು ಹಚ್ಚುತ್ತಿದ್ದಳು. ಕೊಲ್ಲಿಯ ಈ ದಡದಿಂದ ಆ ದಡಕ್ಕೆ ಜನರನ್ನು ಸಾಗಿಸುವ ಹಡಗು ಅದು. ಅದರ ಹೊಟ್ಟೆಯಲ್ಲಿ ಕರೆಂಟು ಕೊಡುವ ಎರಡು ಡೀಸೆಲ್ ಜನರೇಟರುಗಳಿದ್ದವು. ಹಳೆಯದಕ್ಕೆ ದೊಡ್ಡಮ್ಮ, ಹೊಸದಕ್ಕೆ ಚಿಕ್ಕಮ್ಮ ಎಂದು ಹೆಸರಿಟ್ಟವಳೂ ಅವಳೇ. ಇಬ್ಬರೂ ಕೈಕೊಟ್ಟರೆ ದೀಪ ಆರುವುದಷ್ಟೇ ಅಲ್ಲ, ಚುಕ್ಕಾಣಿಯೂ ಮಾತು ಕೇಳುವುದಿಲ್ಲ.

ಇಪ್ಪತ್ತೆಂಟು ವರ್ಷಗಳಿಂದ ಅವರಿಬ್ಬರಿಗೆ ಏನು ಕುಡಿಸಬೇಕು, ಎಷ್ಟು ಕುಡಿಸಬೇಕು ಎನ್ನುವುದು ಎಣ್ಣೆಯಕ್ಕನ ಕಾರುಬಾರು. ಇಂಜಿನ್ ತಣ್ಣಗಿಡುವ ಕೂಲೆಂಟಿಗೆ ನಲ್ಲಿಯ ನೀರು ಬೆರೆಸಿದರೆ ಅವಳ ಕಣ್ಣು ಕೆಂಪಾಗುತ್ತಿತ್ತು. ಬಟ್ಟಿ ಇಳಿಸಿದ ನೀರೇ ಆಗಬೇಕು. ಒಂದು ಬಣ್ಣದ ಕೂಲೆಂಟಿನ ಮೇಲೆ ಇನ್ನೊಂದು ಬಣ್ಣದ್ದನ್ನು ಸುರಿಯುವಂತಿಲ್ಲ, ಒಳಗೆ ಲೋಳೆ ಕಟ್ಟೀತು. ಡೀಸೆಲ್ ಟ್ಯಾಂಕಿನ ತಳದಲ್ಲಿ ಸೇರಿದ ನೀರನ್ನು ಬೆಳಿಗ್ಗೆ ಚಹಾಕ್ಕಿಂತ ಮೊದಲು ಇಳಿಸಬೇಕು. ಇಂಜಿನ್ ಎಣ್ಣೆಯ ವಿಷಯಕ್ಕೆ ಬಂದರೆ ಅವಳದು ದೊಡ್ಡ ನಾಟಕವೇ. ಅಳತೆಯ ಕಡ್ಡಿ ಎಳೆದು, ಎರಡು ಬೆರಳ ನಡುವೆ ಒಂದು ಹನಿ ತೀಡಿ, ಕಣ್ಣು ಮುಚ್ಚಿ, “ಇನ್ನೂ ಜೀವ ಇದೆ” ಅಥವಾ “ಕತೆ ಮುಗೀತು” ಎಂದು ತೀರ್ಪು ಕೊಡುತ್ತಿದ್ದಳು. ಆ ತೀರ್ಪಿಗೆ ಮೇಲ್ಮನವಿ ಇರಲಿಲ್ಲ.

ಒಂದು ವರ್ಷದಿಂದ ಆ ಬೆರಳುಗಳಿಗೆ ಏನೂ ಗೊತ್ತಾಗುತ್ತಿರಲಿಲ್ಲ. ಸೂಜಿ ತಾಗಿದರೂ ಬೇರೆ ಯಾರಿಗೋ ತಾಗಿದ ಹಾಗೆ. ಇದನ್ನು ಅವಳು ಸ್ವಂತ ಮಗಳಿಗೂ ಹೇಳಿರಲಿಲ್ಲ. ಕಣ್ಣನ್ನು ಮಾತ್ರ ಮೊದಲಿಗಿಂತ ಸ್ವಲ್ಪ ಹೆಚ್ಚು ಹೊತ್ತು ಮುಚ್ಚುತ್ತಿದ್ದಳು.

ಅಷ್ಟರಲ್ಲಿ ಹೊಸ ಮ್ಯಾನೇಜರಮ್ಮ ಬಂದಳು. ಇನ್ನು ಮೇಲೆ ತಿಂಗಳಿಗೊಮ್ಮೆ ಪ್ರತಿ ಇಂಜಿನ್ನಿನ ಎಣ್ಣೆ ಬಾಟಲಿ ತುಂಬಿ ಲ್ಯಾಬಿಗೆ ಹೋಗಬೇಕು ಎಂದಳು. ಎಣ್ಣೆಯಕ್ಕ ತನ್ನ ಬೆರಳು ನೋಡಿಕೊಂಡಳು. ಲ್ಯಾಬು ಬಂದರೆ ಬೆರಳು ಯಾರಿಗೆ ಬೇಕು? ಬೆರಳು ಬೇಡವಾದರೆ ತಾನು ಮನೆಯಲ್ಲಿ ಕೂತು ಗೋಡೆ ನೋಡಬೇಕು. ಬೆರಳಿನ ಬಣ್ಣ ಬಯಲಾಗುವ ಮೊದಲು ಲ್ಯಾಬಿನ ಬಣ್ಣ ಬಯಲು ಮಾಡುವುದೇ ಸರಿ ಎಂದುಕೊಂಡಳು.

ಬಾಟಲಿ ತುಂಬುವ ದಿನ ದೊಡ್ಡಮ್ಮನ ಎಣ್ಣೆಗೆ ಚಿಕ್ಕಮ್ಮನ ಚೀಟಿ, ಚಿಕ್ಕಮ್ಮನ ಎಣ್ಣೆಗೆ ದೊಡ್ಡಮ್ಮನ ಚೀಟಿ ಅಂಟಿಸಿದಳು. ಲ್ಯಾಬಿನವರು ಚೀಟಿಯ ಮೇಲಿನ ವಯಸ್ಸು ನೋಡಿಯೇ ಹಳೆಯದು ಕೆಟ್ಟಿದೆ, ಹೊಸದು ಚೆನ್ನಾಗಿದೆ ಎಂದು ಗೀಚಿ ಕಳಿಸುತ್ತಾರೆ ಎಂಬುದು ಅವಳ ಲೆಕ್ಕ. ಸಾಲದ್ದಕ್ಕೆ ಅಡುಗೆಯಾತನ ಬಾಣಲೆಯಿಂದ ಕರಿದ ಎಣ್ಣೆ ಬಸಿದು, ಮೂರನೆಯ ಬಾಟಲಿಗೆ ‘ಲೈಫ್‌ಬೋಟ್ ಇಂಜಿನ್’ ಎಂದು ಬರೆದಳು.

ಹತ್ತು ದಿನದ ನಂತರ ಬೆಳಿಗ್ಗೆ ಮ್ಯಾನೇಜರಮ್ಮ ವರದಿ ಹಿಡಿದು ಇಂಜಿನ್ ಕೋಣೆಗೇ ಇಳಿದು ಬಂದಳು. ಜೊತೆಗೆ ಕ್ಯಾಪ್ಟನ್. ಅವನು ಎಣ್ಣೆಯಕ್ಕನಿಗೆ ಬೀಗ. ಅವಳ ಮಗಳನ್ನು ಕೊಟ್ಟಿದ್ದು ಅವನ ಮಗನಿಗೆ.

“ಲೈಫ್‌ಬೋಟ್ ಇಂಜಿನ್,” ಎಂದು ಮ್ಯಾನೇಜರಮ್ಮ ಓದಿದಳು. “ಇದು ಅಡುಗೆ ಎಣ್ಣೆ. ಐದಾರು ಸಲ ಕಾಯಿಸಿದ್ದು. ತಿನ್ನೋದಕ್ಕೂ ಲಾಯಕ್ಕಿಲ್ಲ.”

“ಹೊಟ್ಟೆ ಯಾಕೆ ಉರೀತಿತ್ತು ಅಂತ ಈಗ ಗೊತ್ತಾಯ್ತು ಬಿಡಿ,” ಎಂದ ಕ್ಯಾಪ್ಟನ್.

“ಇದು ಯಾರ ಕುಚೇಷ್ಟೆ ಅಂತ ಆಮೇಲೆ ವಿಚಾರಿಸ್ತೀನಿ. ದೊಡ್ಡಮ್ಮ ಚೆನ್ನಾಗಿದಾಳೆ. ಚಿಕ್ಕಮ್ಮನ ಎಣ್ಣೇಲಿ ಕೂಲೆಂಟ್ ಸೇರಿದೆ, ತಕ್ಷಣ ನಿಲ್ಲಿಸಿ ಅಂತ ಬರೆದಿದಾರೆ. ಚಿಕ್ಕಮ್ಮನ್ನ ಬಿಚ್ಚಿ. ಮಧ್ಯಾಹ್ನದ ಟ್ರಿಪ್ಪಿಗೆ ದೊಡ್ಡಮ್ಮ ಒಬ್ಬಳೇ ಸಾಕು.”

ಚೀಟಿ ಅದಲು ಬದಲಾಗಿದ್ದು ಎಣ್ಣೆಯಕ್ಕನಿಗಷ್ಟೇ ಗೊತ್ತು. ಕೂಲೆಂಟ್ ಸೇರಿದ್ದು ದೊಡ್ಡಮ್ಮನಲ್ಲಿ. ಈ ತಿಂಗಳು ಎರಡು ಸಲ ಕೂಲೆಂಟ್ ತುಂಬಿಸಿ, ಸೆಖೆಗೆ ಆರಿರಬೇಕು ಎಂದು ಸುಮ್ಮನಾಗಿದ್ದಳು. ಈಗ ಅದೇ ಇಂಜಿನ್ನನ್ನು ನಂಬಿ ಮುನ್ನೂರು ಜನ ಕೊಲ್ಲಿ ದಾಟುವವರಿದ್ದರು.

ನಿಜ ಹೇಳಲು ಬಾಯಿ ತೆರೆದಳು. ಬಾಯಿಂದ ಬೇರೆಯದೇ ಬಂತು.

“ಲ್ಯಾಬಿನವರು ತಲೆಕೆಳಗು ಬರೆದಿದಾರೆ,” ಎಂದು ದೊಡ್ಡಮ್ಮನ ಕಡ್ಡಿ ಎಳೆದು, ಹನಿ ತೀಡಿ, ಕಣ್ಣು ಮುಚ್ಚಿದಳು. ಬೆರಳಿಗೆ ಏನೂ ತಿಳಿಯಲಿಲ್ಲ. “ಕೆಟ್ಟಿರೋದು ದೊಡ್ಡಮ್ಮ. ನನ್ನ ಬೆರಳು ಹೇಳ್ತಿದೆ.”

“ಬೀಗಿತಿಯವರ ಬೆರಳು ಹೇಳಿದ ಮೇಲೆ ನಾನು ಹಡಗು ಬಿಡಲ್ಲ,” ಎಂದು ಕ್ಯಾಪ್ಟನ್ ಕೈಕಟ್ಟಿ ನಿಂತ.

ಟ್ರಿಪ್ಪು ರದ್ದಾಯಿತು. ಸಂಜೆಯ ಹೊತ್ತಿಗೆ ದೊಡ್ಡಮ್ಮನ ತಲೆ ಬಿಚ್ಚಿ ನೋಡಿದರೆ ಕೂಲೆಂಟ್ ಎಣ್ಣೆಗೆ ಇಳಿಯದಂತೆ ತಡೆಯುವ ಗ್ಯಾಸ್ಕೆಟ್ ಅಂಗುಲದಷ್ಟು ತಿಂದುಹೋಗಿತ್ತು. ಇಂಜಿನ್ ಕೋಣೆಯಲ್ಲಿ ಚಪ್ಪಾಳೆಯೋ ಚಪ್ಪಾಳೆ. ಬಾಣಲೆಯ ಅವಮಾನ ಮರೆತು ಅಡುಗೆಯಾತನೂ ಸಿಳ್ಳೆ ಹಾಕಿದ. ಎಣ್ಣೆಯಕ್ಕ ಉಬ್ಬಿಹೋದಳು; ನಾಚಿಕೆ ಬರಬೇಕಿತ್ತು, ಬರಲಿಲ್ಲ.

ಮರುದಿನ ಮ್ಯಾನೇಜರಮ್ಮ ಆಫೀಸಿಗೆ ಕರೆಸಿ ಕೂರಿಸಿದಳು. ಕ್ಯಾಪ್ಟನ್ ಆಗಲೇ ಮೀಸೆ ತಿರುವುತ್ತ ಕೂತಿದ್ದ.

“ನಾನೇ ತಪ್ಪು ಮಾಡಿದೆ ಅಕ್ಕ. ಲ್ಯಾಬ್ ಬೇಡ ಅಂತ ಕಾಗದ ಬರೆದಿದೀನಿ, ಸಹಿ ಒಂದು ಬಾಕಿ. ನಮ್ಮ ಏಳು ಹಡಗಿನ ಎಣ್ಣೇನೂ ಇನ್ಮೇಲೆ ನೀವೇ ಮುಟ್ಟಿ ನೋಡಿ. ನಿಮ್ಮ ಬೆರಳು ಸಾಕು.”

ಇದಕ್ಕಿಂತ ದೊಡ್ಡ ಗೆಲುವು ಯಾರಿಗೆ ಬೇಕು! ಆದರೆ ಎಣ್ಣೆಯಕ್ಕ ಮನಸ್ಸಿನಲ್ಲೇ ಲೆಕ್ಕ ಹಾಕಿದಳು. ಏಳು ಹಡಗು, ಹದಿನಾಲ್ಕು ಜನರೇಟರು, ಸತ್ತ ಎರಡು ಬೆರಳು. ಬೀಗನೆದುರು ಮರ್ಯಾದೆ ಹೋಗುವುದನ್ನು ನೆನೆದು ಅಳು ಬಂತು. ಆದರೂ ಪೆನ್ನು ಕಾಗದಕ್ಕೆ ತಾಗುವ ಮೊದಲು ಅವಳು ಆ ಕಾಗದವನ್ನು ತನ್ನ ಕಡೆಗೆ ಎಳೆದುಕೊಂಡಳು.

“ಸಹಿ ಮಾಡಬೇಡಿ. ಚೀಟಿ ಅದಲು ಬದಲು ಮಾಡಿದ್ದು ನಾನು. ಬಾಣಲೆ ಎಣ್ಣೆ ಕಳಿಸಿದ್ದೂ ನಾನೇ. ಲ್ಯಾಬಿನವರು ಬರೆದಿದ್ದೆಲ್ಲ ಸರಿ. ನನ್ನ ಬೆರಳಿಗೆ ಒಂದು ವರ್ಷದಿಂದ ಏನೂ ಗೊತ್ತಾಗ್ತಿಲ್ಲ.”

ಮೀಸೆಯ ಮೇಲಿನ ಕೈ ಅಲ್ಲೇ ನಿಂತಿತು. ಮ್ಯಾನೇಜರಮ್ಮ ಪೆನ್ನಿಗೆ ಮುಚ್ಚಳ ಹಾಕಿದಳು.

“ಹಾಗಾದ್ರೆ ಈ ಒಂದು ವರ್ಷ ಯಾವುದರಿಂದ ನಡೆಸಿದ್ರಿ?”

“ಅರ್ಧ ಕಿವಿಯಿಂದ, ಕಾಲು ಮೂಗಿನಿಂದ,” ಎಂದಳು ಎಣ್ಣೆಯಕ್ಕ. “ಉಳಿದ ಕಾಲು ಬಾಯಿಂದ.”

ಕ್ಯಾಪ್ಟನ್ ಕೆಮ್ಮುವ ನೆಪದಲ್ಲಿ ಗೋಡೆಯ ಕಡೆ ತಿರುಗಿದ. ಮ್ಯಾನೇಜರಮ್ಮ ನಗಲಿಲ್ಲ. ಕಾಗದವನ್ನು ಎರಡಾಗಿ ಹರಿದಳು. ಡ್ರಾಯರಿನಿಂದ ಖಾಲಿ ಬಾಟಲಿಗಳನ್ನೂ ಚೀಟಿಗಳನ್ನೂ ತೆಗೆದು ಮೇಜಿನ ಮೇಲೆ ದೂಡಿದಳು.

“ಮುಂದಿನ ತಿಂಗಳು ಹೆಸರು ಸರಿಯಾಗಿ ಬರೀರಿ. ಕ್ಯಾಪ್ಟನ್ ಪಕ್ಕದಲ್ಲೇ ನಿಂತಿರ್ತಾರೆ.”

ಎಣ್ಣೆಯಕ್ಕನ ಕಿವಿಗೆ ಬಿದ್ದಿದ್ದು ‘ಮುಂದಿನ ತಿಂಗಳು’ ಎಂಬ ಎರಡೇ ಮಾತು. ಕಣ್ಣೊರೆಸಿಕೊಂಡು, ಎಲ್ಲಿ ಮ್ಯಾನೇಜರಮ್ಮ ಮನಸ್ಸು ಬದಲಾಯಿಸಿಬಿಡುತ್ತಾಳೋ ಎಂದು, ಬಾಟಲಿಗಳನ್ನು ಎರಡೂ ಕೈಯಲ್ಲಿ ಬಾಚಿಕೊಂಡು ಬೇಗ ಬೇಗ ಮೆಟ್ಟಿಲಿಳಿದಳು.