ಕ್ಯಾಮೆರಾ ಹಿಡಿದು ಬೆಟ್ಟ ಹತ್ತಿದ್ದು

ನಾನು ಹೋಗಿಬಂದ ಊರುಗಳಲ್ಲಿ ಅರ್ಧದಷ್ಟನ್ನು ನಾನು ನೋಡಿದ್ದು ಮನೆಗೆ ಬಂದ ಮೇಲೆಯೇ ಎಂದು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಮದ್ರಾಸಿನ ಗುಮಾಸ್ತರ ಕೈಗೂ ಡಿಜಿಟಲ್ ಕ್ಯಾಮೆರಾ ಎಟುಕತೊಡಗಿದ ಕಾಲ ಅದು. ಅಲ್ಲಿನ ಪ್ಯಾರೀಸ್ ಕಾರ್ನರ್ ಪೇಟೆಯಿಂದ ನಾನೂ ಒಂದನ್ನು ತಂದೆ. ಫಿಲಂ ಇದ್ದಾಗ ಒಂದೇ ರೋಲಿನಲ್ಲಿ ಯುಗಾದಿ, ತಂಗಿಯ ಸೀಮಂತ, ದೀಪಾವಳಿ ಮೂರೂ ಮುಗಿಯುತ್ತಿದ್ದವು. ಈಗ ಅಂಥ ಹಿಡಿತವೇ ಇಲ್ಲ. ಬಚ್ಚಲಿನ ಬಕೆಟ್ಟನ್ನು ಮೂರು ಕೋನಗಳಿಂದ ತೆಗೆದಿದ್ದೇನೆ.

ಒಂದು ಭಾನುವಾರ ನಮ್ಮ ಇನ್ಶೂರೆನ್ಸ್ ಆಫೀಸಿನ ಏಳೆಂಟು ಮಂದಿ ವ್ಯಾನು ಮಾಡಿಕೊಂಡು ನಾಗಲಾಪುರದ ಬೆಟ್ಟಕ್ಕೆ ಹೊರಟೆವು. ನನ್ನ ಹೆಂಡತಿ ವನಜಾಳೂ ಬಂದಳು. ನಮ್ಮ ಫ್ಲಾಟಿನ ಎರಡು ಮಹಡಿ ಹತ್ತಲು ಮಂಡಿನೋವು ಎನ್ನುವ ಆಕೆ ಅಲ್ಲಿ ಹಳ್ಳದ ಬಂಡೆಗಳ ಮೇಲೆ ಆಡಿನಮರಿಯ ಹಾಗೆ ನಡೆದಳು.

"ರೀ, ಇಲ್ನೋಡಿ, ಮೀನು" ಎಂದಳು.

"ಇರು, ಒಂದ್ನಿಮಿಷ" ಎಂದೆ. ನಾನು ಜೇಡರ ಬಲೆಯೊಂದನ್ನು ಹಿಡಿಯುವುದರಲ್ಲಿದ್ದೆ.

"ನೀರು ಜಿಲ್ಲುನು ಇದೆ, ಐಸಿನ ಹಾಗೆ. ಕಾಲಿಟ್ಟು ನೋಡಿ."

"ಬಂದೆ, ಇರು."

ಮೂರನೆಯ ಸಲ ಅವಳು ಕರೆಯಲಿಲ್ಲ. ಕರೆಯಲಿಲ್ಲವೆಂದು ನನಗೆ ಗೊತ್ತಾದದ್ದು ಊಟದ ಪೊಟ್ಟಣ ಬಿಚ್ಚುವಾಗ. ನಮ್ಮನ್ನು ಕರೆದುಕೊಂಡು ಬಂದಿದ್ದ ಸಹೋದ್ಯೋಗಿ ಮುರುಗೇಶನ್, "ಸಾರ್, ಮೇಡಂ ಎಂಗೇ?" ಎಂದು ಅವಳೆಲ್ಲೆಂದು ತಮಿಳಿನಲ್ಲಿ ಕೇಳಿದ. ಮುಂದೆ ಹೋದವರು ಅವಳು ನನ್ನ ಜೊತೆ ಹಿಂದಿದ್ದಾಳೆ ಎಂದುಕೊಂಡಿದ್ದರು. ನಾನು ಅವಳು ಮುಂದಿನವರ ಜೊತೆಗಿದ್ದಾಳೆ ಎಂದುಕೊಂಡಿದ್ದೆ. ಮೊಬೈಲು ತೆಗೆದರೆ ಸಿಗ್ನಲ್ ಇಲ್ಲ. ಇದ್ದಿದ್ದರೂ ಅವಳ ಮೊಬೈಲು ನನ್ನ ಚೀಲದಲ್ಲೇ ಇತ್ತು.

ಮುರುಗೇಶನ್ ಮೇಲಕ್ಕೆ ಓಡಿದ. ನಾನು ಕೆಳಗಿಳಿದೆ. ದಾರಿ ಎರಡಾಗಿ ಒಡೆಯುವಲ್ಲಿ ಯಾವ ಕಡೆಗೆಂದು ತಿಳಿಯದೆ ನಿಂತಾಗ, ಕೊರಳಲ್ಲಿ ನೇತಾಡುತ್ತಿದ್ದ ಕ್ಯಾಮೆರಾದ ನೆನಪಾಗಿ, ಬೆಳಗ್ಗೆಯಿಂದ ತೆಗೆದದ್ದನ್ನೆಲ್ಲ ಹಿಂದಕ್ಕೆ ತಿರುಗಿಸುತ್ತ ಹೋದೆ. ಹುತ್ತ, ಚಿಟ್ಟೆ, ಮತ್ತೆ ಅದೇ ಚಿಟ್ಟೆ. ಎಪ್ಪತ್ತು ಚಿತ್ರಗಳಲ್ಲಿ ಹೆಂಡತಿಯದು ಒಂದೂ ಇಲ್ಲವೆಂದು ಆಗ ಕಂಡಿತು. ಕಡೆಗೆ ಇದೇ ಕವಲಿನಲ್ಲಿ ತೆಗೆದ ಒಂದು ಕಾಡುಹೂವಿನ ಹಿಂದೆ, ಅಂಚಿನಲ್ಲಿ, ಅವಳ ನೀಲಿ ಸೆರಗಿನ ತುದಿ ಸಿಕ್ಕಿತು. ಅದು ಎಡಗಡೆಯ ದಾರಿಗೆ ತಿರುಗುತ್ತಿತ್ತು.

ಎಡಕ್ಕೆ ಓಡಿದೆ. ಕೂಗಬೇಕು, ಏನೆಂದು ಕೂಗುವುದು? ಮದುವೆಯಾದ ಹೊಸತರಲ್ಲಿ ಹಿರಿಯರೆದುರು ಹೆಸರು ಹಿಡಿಯಲು ನಾಚಿ "ಇವಳೇ" ಎಂದು ಶುರುಮಾಡಿದವನು, ಹಿರಿಯರೆಲ್ಲ ಹೋದ ಮೇಲೂ ಹಾಗೆಯೇ ಉಳಿದಿದ್ದೆ. ಕಾಡಿನಲ್ಲಿ "ಇವಳೇ" ಎಂದರೆ ಯಾರು ಓಗೊಡುತ್ತಾರೆ? "ವನಜಾ" ಎಂದು ಕೂಗಿದೆ. ಬೆಟ್ಟ ಅದನ್ನು ತಿರುಗಿ ಹೇಳಿತು. ಅವಳು ಓಗೊಡಲಿಲ್ಲ. ಇನ್ನೂ ನಾಲ್ಕು ಸಲ ಕೂಗಿದೆ. ಕೊನೆಯದರಲ್ಲಿ ದನಿ ಒಡೆದಿತ್ತು.

ತಿರುವಿನಾಚೆ ಚಿಕ್ಕ ಮಡುವಿನಲ್ಲಿ ಕಾಲು ಇಳಿಬಿಟ್ಟು ಅವಳು ಕೂತಿದ್ದಳು. ಪಾದದ ಸುತ್ತ ಮೀನುಮರಿಗಳು.

"ಕೇಳಿಸಲಿಲ್ವಾ?" ಎಂದೆ, ಏದುಸಿರು ಬಿಡುತ್ತ.

"ಮೊದಲನೇ ಸಲವೇ ಕೇಳಿಸ್ತು" ಎಂದಳು. "ಇನ್ನೊಂದು ತಡವೆ ಕರೀತೀರೇನೋ ಅಂತ ಸುಮ್ನೆ ಕೂತೆ."

ಬೈಯಬೇಕೆಂದು ಬಾಯಿ ತೆರೆದವನು ಬೂಟು ಬಿಚ್ಚಿ ಪಕ್ಕದಲ್ಲಿ ಕೂತೆ. ನೀರು ನಿಜಕ್ಕೂ ಅವಳು ಹೇಳಿದಷ್ಟೇ ತಣ್ಣಗಿತ್ತು. ಸ್ವಲ್ಪ ಹೊತ್ತಿನ ಮೇಲೆ, ಅವಳು ಒಂದು ಮೊಳ ದೂರದಲ್ಲೇ ಇದ್ದರೂ, ಕಾರಣವಿಲ್ಲದೆ ಮತ್ತೊಮ್ಮೆ ಹೆಸರು ಹಿಡಿದು ಕರೆದೆ. ಈ ಸಲ ಓಗೊಟ್ಟಳು.